ಕಾಕುವಿನ ನಿಂತ ಕಿಲೋಮೀಟರುಗಳು

ನಮ್ಮ ಕಾಕುವನ್ನು ಅವರ ಗಂಡನ ರಕ್ತದ ಗುಂಪು ಯಾವುದೆಂದು ಕೇಳಿ ನೋಡಿ. ಕಪಾಟು ತೆರೆದು ಕಾಗದ ಹುಡುಕುತ್ತಾರೆ. ಕಾರಿಗೆ ಹಾಕುವ ಎಂಜಿನ್ ಆಯಿಲಿನ ದರ್ಜೆ ಯಾವುದೆಂದು ಕೇಳಿ. ಗಾಢನಿದ್ರೆಯಿಂದ ಎಬ್ಬಿಸಿ ಕೇಳಿದರೂ ತಪ್ಪಿಲ್ಲದೆ ಹೇಳುತ್ತಾರೆ! ಹಾಗಾದರೆ ಅವರಿಗೆ ಗಂಡನಿಗಿಂತ ಕಾರೇ ಹೆಚ್ಚೆ? ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾನು ಇಷ್ಟು ಮಾತ್ರ ಹೇಳಬಲ್ಲೆ: ಅದು ಪೂರ್ವಪಕ್ಷ, ಉತ್ತರ ಮುಂದಿದೆ.

ಕಾಕು ಎಂದರೆ ಧಾರವಾಡದ ಕಡೆ ಚಿಕ್ಕಪ್ಪನ ಹೆಂಡತಿ. ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಮನೆಯಲ್ಲಿರುವುದು ಕಾಕು, ಕಾಕಾ, ಮಹಡಿಯ ಕೋಣೆಯಲ್ಲಿ ನಾನು, ಮತ್ತು ಗೇಟಿನೊಳಗೆ ಹದಿನೈದು ವರ್ಷದ ಒಂದು ಪುಟ್ಟ ಪೆಟ್ರೋಲ್ ಕಾರು. ಏಳುನೂರ ತೊಂಬತ್ತಾರು ಸಿ.ಸಿ., ಮೂರು ಸಿಲಿಂಡರು, ಮೂವತ್ತೇಳು ಅಶ್ವಶಕ್ತಿ. ಈ ವಿವರವನ್ನು ನಾನು ಕೇಳಿ ಪಡೆದದ್ದಲ್ಲ. ಮನೆಗೆ ಬಂದವರಿಗೆಲ್ಲ ಚಹಾದ ಜೊತೆಗೇ ಬಡಿಸಲಾಗುತ್ತದೆ.

ಎದುರು ಮನೆಯವರು ಆನೆಯಂಥ ಗಾಡಿ ಕೊಂಡ ದಿನ ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಮೇಡಂ, ಇನ್ನೂ ಈ ಡಬ್ಬಾನೇ ಇಟ್ಕೊಂಡಿದ್ದೀರಾ?" ಎಂದರು.

"ಮೂವತ್ತೇಳು ಕುದುರಿ ಅವ ಇದರಾಗ," ಎಂದರು ಕಾಕು. "ನಿಮ್ಮದರಾಗ ನೂರೈವತ್ತರ ಇರಬೇಕು. ಹೆಬ್ಬಾಳಕ್ಕ ಹೋದ ಮ್ಯಾಲ ಎಲ್ಲಾ ಕೂಡೇ ನಿಲ್ತಾವ. ಮೇವು ಮಾತ್ರ ನಿಮ್ಮವು ಜಾಸ್ತಿ ತಿಂತಾವ!"

ಕಾರಿನೊಡನೆ ಬಂದ ಕೈಪಿಡಿಯನ್ನು ನಮ್ಮಲ್ಲಿ ಯಾರು ಓದುತ್ತಾರೆ? ಕಾಕು ಅದಕ್ಕೆ ಕಂದು ಕಾಗದದ ಹೊದಿಕೆ ಹಾಕಿ, ಅಧ್ಯಾಯವಾರು ಅಡಿಗೆರೆ ಎಳೆದಿದ್ದಾರೆ. ಕೋಗಿಲು ಕ್ರಾಸಿನ ಮೆಕ್ಯಾನಿಕ್ ಭಾಯಿಗೆ ಮೊದಲ ಸಲ ಕಾರು ಒಪ್ಪಿಸುವ ಮುನ್ನ ಮೌಖಿಕ ಪರೀಕ್ಷೆಯನ್ನೇ ನಡೆಸಿದರು.

"ಅಮ್ಮಾ, ಇಪ್ಪತ್ತು ವರ್ಷದಿಂದ ಇಂಥ ಗಾಡಿಗಳನ್ನೇ ಬಿಚ್ಚಿ ಜೋಡಿಸ್ತಾ ಇದ್ದೀನಿ!"

"ಹಂಗಾರ ಹೇಳು, ಸ್ಪಾರ್ಕ್ ಪ್ಲಗ್ಗಿನ ಬಾಯಿ ಎಷ್ಟು ತೆರದಿರಬೇಕು?"

"ಅದು ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತಮ್ಮಾ."

"ಕೈಗೆ ಗೊತ್ತಾದದ್ದು ಬಾಯಿಗೂ ಬರಬೇಕು. ನಪಾಸ!"

ಮರುವಾರ ಭಾಯಿ ಉತ್ತರಗಳನ್ನೆಲ್ಲ ಗ್ಯಾರೇಜಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟುಕೊಂಡಿದ್ದರು. ಕಾಕು ಅದನ್ನು ತಮ್ಮ ಸೆರಗಿನಿಂದಲೇ ಒರೆಸಿ, "ಕಾಪಿ ನಡಿಯಂಗಿಲ್ಲ!" ಎಂದು ಪರೀಕ್ಷೆ ಮುಂದುವರಿಸಿದರು. ಭಾಯಿ ಪಾಸಾದರು. ಅಂದಿನಿಂದ ಕಾಕು ಈ ಕಾರನ್ನು ಬೇರೆ ಯಾರಿಗೂ ಮುಟ್ಟಗೊಟ್ಟಿಲ್ಲ.

ಆದರೆ ಕಾಕುವಿನ ನಿಜವಾದ ಸಂಶೋಧನೆ ಬೇರೆ. ಇಂತಿಷ್ಟು ಕಿಲೋಮೀಟರಿಗೆ ಆಯಿಲ್ ಬದಲಿಸಿ ಎನ್ನುತ್ತದೆ ಕೈಪಿಡಿ. ಎಂಜಿನ್ ಓಡುತ್ತಲೇ ಗಾಡಿ ಬಹಳ ಹೊತ್ತು ನಿಲ್ಲುವಂತಿದ್ದರೆ ಇನ್ನೂ ಬೇಗ ಬದಲಿಸಿ ಎಂದೂ ಸಣ್ಣ ಅಕ್ಷರದಲ್ಲಿ ಹೇಳುತ್ತದೆ. ಬೆಂಗಳೂರಿನಲ್ಲಿ ಆ ಸಣ್ಣ ಅಕ್ಷರವೇ ದೊಡ್ಡ ಸತ್ಯವಲ್ಲವೇ? "ಮೀಟರು ಈ ಊರಿಗೆ ಬಂದು ಸುಳ್ಳು ಹೇಳೂದು ಕಲ್ತದ," ಎಂದು ಕಾಕು ಘೋಷಿಸಿದರು. ಹೆಬ್ಬಾಳದ ಮೇಲುಸೇತುವೆಯ ಮೇಲೆ ಅರ್ಧ ಗಂಟೆ ನಿಂತರೆ ಹದಿನೈದು ಕಿಲೋಮೀಟರು ಎಂದು ಅವರೇ ಸೂತ್ರ ಕಟ್ಟಿದರು. ಅವಕ್ಕೆ 'ನಿಂತ ಕಿಲೋಮೀಟರು' ಎಂದು ಹೆಸರು. ಈ ಗಣಿತದ ಪ್ರಕಾರ ನಮ್ಮ ಕಾರು ಮೀಟರು ತೋರಿಸುವುದರ ಎರಡರಷ್ಟು ಓಡಿದೆ; ಆಯಿಲೂ ಎರಡರಷ್ಟು ಸಲ ಬದಲಾಗಿದೆ.

ಕಾಕಾ ನಿಡುಸುಯ್ದರು: "ಏನ ಅನ್ನು, ನೀ ಬಾನೆಟ್ ತಗದು ನೋಡೂತನಕಾ ನಾ ಗೇಟಿನ್ಯಾಗ ನಿಂತದ್ದು ಲೆಕ್ಕಾ ಹಿಡದ್ರ, ಎರಡು ಸಲ ಕಾಶಿಗೆ ಹೋಗಿ ಬಂದೀನಿ!"

ಇಷ್ಟೆಲ್ಲ ನೋಡುತ್ತ ನಾನು ಸುಮ್ಮನಿರಲು ಸಾಧ್ಯವೇ? ಖಾಸಗಿ ವಾಹನ ನಗರದ ಶತ್ರು ಎಂದು ನಂಬಿದವಳು ನಾನು. ಸ್ಟಿಯರಿಂಗ್ ಮುಟ್ಟುವುದಿಲ್ಲವೆಂದು ಕಾಲೇಜಿನ ವೇದಿಕೆಯಲ್ಲೇ ಪ್ರತಿಜ್ಞೆ ಮಾಡಿದವಳು. ಕಾರಿಗೆ ಹದಿನೈದು ತುಂಬುತ್ತಿದ್ದಂತೆ ಊಟದ ನಡುವೆ ನನ್ನ ವಾದ ಮಂಡಿಸಿದೆ. "ಕಾಕು, ಇನ್ನು ಮರುನೋಂದಣಿಗೆ ತಪಾಸಣೆಯಾಗಬೇಕು. ಫೇಲಾದರೆ ಗುಜರಿ. ಅದಕ್ಕಿಂತ ನಾವೇ ಗೌರವದಿಂದ ಬಿಟ್ಟುಕೊಟ್ಟು ಬಸ್ಸಿನಲ್ಲಿ ಓಡಾಡೋಣರೀ."

ಕಾಕು ಅನ್ನ ಕಲಸುತ್ತಲೇ ಕೇಳಿದರು: "ಬಸ್ಸಿನ ಮೊದಲನೇ ಮೆಟ್ಟಲಾ ನೆಲದಿಂದ ಎಷ್ಟು ಎತ್ತರ ಅದ, ಭಾಷಣಗಾರ್ತಿ?"

ಮರುದಿನ ಟೇಪು ಹಿಡಿದು ನಿಲ್ದಾಣಕ್ಕೆ ಹೋಗಿ ಬಾಗಿ ಅಳೆಯತೊಡಗಿದೆ. ಕಂಡಕ್ಟರ್ ತಲೆ ಹೊರಹಾಕಿ, "ಏನ್ ಮೇಡಂ, ಬಸ್ಸಿಗೆ ಬ್ಲೌಸ್ ಹೊಲಿಸ್ತೀರಾ?" ಎಂದ. ನಗುವವರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕಾಕಾನ ಮೊಣಕಾಲುಗಳು ಎರಡು ವರ್ಷದಿಂದ ಮಡಚುವುದಿಲ್ಲ. ಆ ಮೆಟ್ಟಿಲಿಗೆ ಅವರ ಪಾದ ಏರಲಾರದು. ಅಪರಿಚಿತರ ಆಟೋದಲ್ಲಿ ಕಾಲು ಮಡಚಲಾಗದೆ ನರಳಿದವರು, ಈ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದರೆ ಮಾತ್ರ ನೆಟ್ಟಗೆ ಕೂರುತ್ತಾರೆ. ಹಾಗೆ ಕೂತು ಪ್ರತಿ ಭಾನುವಾರ ಆರ್.ಟಿ. ನಗರದ ಗೆಳೆಯರ ಮನೆಯ ಭಜನೆಗೆ ಹೋಗುತ್ತಾರೆ. ವಾರದಲ್ಲಿ ಅವರು ಮನೆಯಿಂದ ಹೊರಬೀಳುವುದು ಅದೊಂದೇ ದಿನ. ಕಾರು ಗುಜರಿಗೆ ಹೋದರೆ ಆ ಭಾನುವಾರವೂ ಹೋಗುತ್ತದೆ.

ವಾದದಲ್ಲಿ ಸೋತೆ. ಬಸ್ಸಿನ ಮೆಟ್ಟಿಲು ತಗ್ಗಿಸಿರೆಂದು ಮನವಿ ಬರೆದೆ. ಮೊದಲ ಸಹಿ ಕಾಕುವಿನದು, ಎರಡನೆಯದು ಕಾಕಾನದು.

ತಪಾಸಣೆಯ ದಿನ ಗಾಡಿ ಓಡಿಸಿದವರು ಎಂದಿನಂತೆ ಕಾಕು ಅಲ್ಲ, ಭಾಯಿ. ಕಾಕುವಿಗೆ ಪರೀಕ್ಷಾಭಯವಿರಬೇಕೆಂದುಕೊಂಡೆ. ಅಲ್ಲಿಯ ಸಿಬ್ಬಂದಿ ಹೊಗೆಕೊಳವೆಗೆ ನಳಿಕೆ ತೂರಿಸಿದರು, ಯಂತ್ರ ನೋಡಿದರು, ಯಂತ್ರಕ್ಕೆ ಎರಡು ಬಾರಿ ತಟ್ಟಿದರು, ಮತ್ತೆ ನೋಡಿದರು.

"ಮೇಡಂ, ಗಾಡಿ ಸ್ಟಾರ್ಟ್ ಮಾಡಿದ್ದೀರಾ?"

ಕಾಕುವಿನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡ ಸನ್ಮಾನ ಇನ್ನೊಂದಿಲ್ಲ! ಇನ್ನೈದು ವರ್ಷಕ್ಕೆ ಕಾರು ಪಾಸಾಯಿತು. ಭಾಯಿ ಕುಣಿಯುವುದೊಂದು ಬಾಕಿ.

ಮನೆಗೆ ಬಂದು ಭಾಯಿಯನ್ನು ಕಳಿಸಿಕೊಟ್ಟ ಮೇಲೆ, ಕಾಕು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು.

"ಎಂಜಿನ್ ಪಾಸಾತು. ನಾ ಆಗಂಗಿಲ್ಲವಾ," ಎಂದರು. "ಕಣ್ಣಿನ ಒಳಗಿನ ಪರದೆ ಸವದದ ಅಂತ. ಎರಡೂ ಕಣ್ಣಿಂದು. ಅದಕ್ಕ ಸ್ಪೇರ್ ಸಿಗಂಗಿಲ್ಲ ಅಂದ್ರು ಡಾಕ್ಟರು. ನಿಮ್ಮ ಕಾಕಾಗ ಇನ್ನೂ ಹೇಳಿಲ್ಲ. ನೀ ಕಲೀತಿ ಏನು?"

ನನ್ನ ಪ್ರತಿಜ್ಞೆಗೆ ಸಾಕ್ಷಿಯಾಗಿ ಇಡೀ ಕಾಲೇಜು ಇತ್ತು. ಆದರೂ "ಕಲೀತೀನಿ" ಎಂದೆ.

ಬಾಗಲೂರಿನಾಚೆಯ ಖಾಲಿ ಬಡಾವಣೆಯಲ್ಲಿ ಕಲಿತೆ, ಭಾಯಿಯ ಪಕ್ಕದಲ್ಲಿ. ಲೈಸೆನ್ಸ್ ಸಿಕ್ಕಿತು. ಮೊದಲ ಭಾನುವಾರ ಕಾಕಾ ಜರಿಯಂಚಿನ ಶಲ್ಯ ಹೊದ್ದು, ತೊಡೆಯ ಮೇಲೆ ತಾಳ ಇಟ್ಟುಕೊಂಡು ಮುಂದೆ ಕುಳಿತರು. ಕಾಕು ಹಿಂದೆ. ಅಷ್ಟರಲ್ಲಿ ಕಾಕಾಗೂ ಕಣ್ಣಿನ ವಿಷಯ ತಿಳಿದಿತ್ತು. ಗೇಟು ದಾಟುವ ಮುನ್ನವೇ ಎಂಜಿನ್ ಬಂದ್ ಆಯಿತು. ಮತ್ತೆ ಬಂದ್ ಆಯಿತು. ಮೂರನೆಯ ಸಲವೂ. ಹದಿನೈದು ವರ್ಷದಲ್ಲಿ ಒಮ್ಮೆಯೂ ಕಾಕುವಿನ ಕೈಯಲ್ಲಿ ಬಂದ್ ಆಗದ ಎಂಜಿನ್! ಬೈಗುಳಕ್ಕಾಗಿ ಕಾದೆ.

ಹಿಂದಿನಿಂದ ಒಂದು ಕೈ ಬಂದು ನನ್ನ ಭುಜದ ಮೇಲೆ ಕುಳಿತಿತು. "ಅದಕ್ಕ ನಿನ್ನ ಕಾಲಿನ ಗುರ್ತಿಲ್ಲ ಇನ್ನೂ. ಗುರ್ತ ಆಗಲಿ, ಹೆದರಬ್ಯಾಡ," ಎಂದರು ಕಾಕು.

ಕಾಕಾ ತಾಳಗಳನ್ನು ಸದ್ದಾಗದಂತೆ ಒಂದರ ಮೇಲೊಂದು ಇಟ್ಟುಕೊಂಡು, "ಭಜನಿ ಐದಕ್ಕ," ಎಂದರು. "ಈಗಿನ್ನೂ ಮೂರೂವರಿ. ಆರಾಮ ಬಿಡವಾ."