ಏಳನೆಯ ಕಿಟಕಿಯ ಸಾಹೇಬರಿಗೆ, ಪ್ರವೀಣಕುಮಾರ ಕಾಕಾನ ವಿಷಯವಾಗಿ

ವೀಸಾ ಕಚೇರಿಯ ಏಳನೆಯ ಕಿಟಕಿಯ ಗಾಜಿನ ಹಿಂದೆ ವಿರಾಜಮಾನರಾಗಿರುವ ಸಾಹೇಬರಿಗೆ, ಕಂಗ್ಟಿಯಿಂದ ನರಸಿಂಹುಲು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಇಲ್ಲಿ ನಾನು, ನನ್ನ ಹೆಂಡತಿ ಲಚ್ಚಮ್ಮ, ಮೊಮ್ಮಗಳು ಧಮ್ಮಶೀಲಾ ಎಲ್ಲರೂ ಆರಾಮ ಇದ್ದೇವೆ. ತಾವು ಆರಾಮ ಇದ್ದೀರಾ? ಗೇಟಿನಲ್ಲಿ ಫೋನು ಇಸಿದುಕೊಳ್ಳುವ ಶಂಕ್ರೆಪ್ಪನವರ ಮೊಳಕಾಲು ನೋವು ಈಗ ಹೇಗಿದೆ? ಬೆರಳಚ್ಚು ತೆಗೆಯುವ ಮಷೀನಿಗೂ ನಾನು ಕೇಳಿದೆನೆಂದು ಹೇಳಿರಿ. ಮೊಮ್ಮಗಳ ಹೆಬ್ಬೆರಳು ಅದಕ್ಕೆ ಮೂರು ಸಲ ಸಿಗಲೇ ಇಲ್ಲವಂತೆ. ತೊಗರಿ ಕೊಯ್ದ ಕೈ, ಮಷೀನಿನ ತಪ್ಪಲ್ಲ. ತಮ್ಮ ಹೆಸರು ಮಾತ್ರ ತಿಳಿಯದ್ದರಿಂದ ಕಿಟಕಿಯ ನಂಬರು ಹಿಡಿದು ಕರೆಯುತ್ತಿದ್ದೇನೆ, ಸಿಟ್ಟಾಗಬಾರದು.

ನಾನು ಶಾಲೆ ಕಲಿತವನಲ್ಲ. ನಾರಾಯಣಖೇಡದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಗಂಟೆ ಹೊಡೆಯುತ್ತ, ಬಾಗಿಲ ಹೊರಗಿನಿಂದಲೇ ಕರಿಹಲಗೆ ನೋಡಿ ಅಕ್ಷರ ಹಿಡಿದವನು. ಅಂಥವನ ಮೊಮ್ಮಗಳು ತೊಗರಿಗೆ ಬರುವ ಸೊರಗು ರೋಗದ ಮೇಲೆ ಓದಲು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದಳು. ಅವಳನ್ನು ತಾವು ಮೂರೇ ನಿಮಿಷದಲ್ಲಿ ಪರೀಕ್ಷಿಸಿ, ಒಂದು ಚೀಟಿ ಕೊಟ್ಟು ಹಿಂದಕ್ಕೆ ಕಳಿಸಿದಿರಿ. ಇಷ್ಟು ಚುರುಕಿನ ಕೆಲಸವನ್ನು ನಾನು ನನ್ನ ಇಡೀ ನೌಕರಿಯಲ್ಲಿ ಕಂಡಿಲ್ಲ.

ತಪ್ಪು ನಮ್ಮದೇ. ತಮ್ಮ ದೇಶದಲ್ಲಿ ಸಂಬಂಧಿಕರು ಇದ್ದಾರೆಯೇ ಎಂದು ಫಾರ್ಮಿನಲ್ಲಿ ಕೇಳಿದ್ದಿರಿ, ಇಲ್ಲ ಎಂದು ತುಂಬಿದ್ದೆವು. ಕಿಟಕಿಯಲ್ಲಿ ತಾವು ಬಾಯಿಂದ ಅದನ್ನೇ ಕೇಳಿದಾಗ, ಅಷ್ಟು ದೂರ ಒಂಟಿ ಹುಡುಗಿ ಹೇಗಿರುತ್ತಾಳೋ ಎಂದು ಸಾಹೇಬರಿಗೆ ಚಿಂತೆಯಾಗಿದೆ ಎಂದುಕೊಂಡ ಧಮ್ಮಶೀಲಾ, ತಮ್ಮ ಸಮಾಧಾನಕ್ಕಾಗಿ, ನಮ್ಮ ಪ್ರವೀಣಕುಮಾರ ಕಾಕಾ ಅಲ್ಲೇ ಇದ್ದಾನೆ, ಗಾಬರಿಯಾಗಬೇಡಿ ಎಂದಳು. ಕಾಕಾ ಎಂದರೆ ಯಾರು ಎಂದಿರಿ. ತಂದೆಯ ತಮ್ಮ ಎಂದಳು. ತಂದೆಗೆ ಎಷ್ಟು ಜನ ಅಣ್ಣತಮ್ಮಂದಿರು ಎಂದಿರಿ. ಹುಡುಗಿ ಪ್ರಾಮಾಣಿಕಳು, ಊರ ಅಗಸಿ ಬಾಗಿಲ ಕಡೆಯಿಂದ ಮನೆ ಮನೆ ಹಿಡಿದು ಎಣಿಸತೊಡಗಿದಳು. ಹತ್ತೊಂಬತ್ತಕ್ಕೆ ತಾವು ಕೈ ಎತ್ತಿ ನಿಲ್ಲಿಸಿದಿರಂತೆ. ಇನ್ನೂ ಹನುಮಂತನ ಗುಡಿಯ ತನಕವೂ ಬಂದಿರಲಿಲ್ಲ.

ಸಾಹೇಬರೇ, ಪ್ರವೀಣಕುಮಾರ ನಮ್ಮ ರಕ್ತದವನಲ್ಲ, ಜಾತಿಯವನೂ ಅಲ್ಲ. ನಾರಾಯಣಖೇಡದ ಬಟ್ಟೆ ಅಂಗಡಿಯ ರೇವಪ್ಪನವರ ಮಗ. ಧಮ್ಮಶೀಲಾಳ ಮೊದಲ ಶಾಲೆಯ ಲಂಗದ ಬಟ್ಟೆಯನ್ನು ಆ ರೇವಪ್ಪನವರೇ ಹರಿದು ಕೊಟ್ಟರು. ಅಂದಿನಿಂದ ಅವರು ಅವಳಿಗೆ ಅಜ್ಜ, ಅವರ ಮಗ ಕಾಕಾ. ನಮ್ಮ ಕಡೆ ಸಂಬಂಧ ಆಗುವುದು ಹೀಗೆ. ಬಸ್ಸಿನ ಕಂಡಕ್ಟರ್ ದೊಡ್ಡಪ್ಪ, ಸೂಜಿ ಚುಚ್ಚುವ ಡಾಕ್ಟರ್ ಅಣ್ಣ. ಹೆಸರು ಹಿಡಿದು ಕರೆಯುವುದು ದನಗಳನ್ನು ಮಾತ್ರ.

ತಾವು ಕೊಟ್ಟ ಚೀಟಿಯ ಅರ್ಥವನ್ನು ನಾನು ಲಚ್ಚಮ್ಮನಿಗೆ ಬಿಡಿಸಿ ಹೇಳಿದೆ: ಅಲ್ಲಿ ತನ್ನವರು ಇದ್ದಾರೆ ಎಂದದ್ದಕ್ಕೆ ಬೇಡ ಎಂದಿದ್ದಾರೆ, ಯಾರೂ ಇಲ್ಲ ಎಂದಿದ್ದರೆ ಕಳಿಸುತ್ತಿದ್ದರೇನೋ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಯಾರೂ ಇಲ್ಲದ ಊರಿಗಿ ಹೆಣ್ಣ ಹುಡುಗೀನ ಕಳಸ್ತಾರೇನ್ರಿ? ಆ ಸಾಹೇಬಗ ಹಿಂದ ಮುಂದ ಹೇಳವರು ಯಾರೂ ಇಲ್ಲೇನು?" ಎಂದು ಕೇಳಿದಳು. ತಮ್ಮ ಮೇಲಿನ ಮರುಕದಿಂದ ಕೇಳಿದ್ದು, ಅನ್ಯಥಾ ಭಾವಿಸಬಾರದು.

ಬರುವ ಸೋಮವಾರ ಎರಡನೆಯ ಇಂಟರ್‌ವ್ಯೂ ಇದೆ. ಅದರಲ್ಲಿ ನಪಾಸಾದರೆ ಸೀಟು ಬೇರೆಯವರಿಗೆ ಹೋಗುತ್ತದೆ. ಆದ್ದರಿಂದ ನಮ್ಮ ಮನೆಯ ಕಿಟಕಿಯಲ್ಲೇ ತಯಾರಿ ಇಟ್ಟುಕೊಂಡೆವು. ಸಾಹೇಬರ ಸ್ಥಾನದಲ್ಲಿ ಮೊದಲು ಲಚ್ಚಮ್ಮ ಕುಳಿತಳು. ಹುಡುಗಿ ಎದುರಿಗೆ ಬಂದ ಕೂಡಲೇ ಬಿಸಲಾಗ ಬಂದೀಯವ್ವಾ ಎಂದು ಸರಳುಗಳ ನಡುವಿನಿಂದ ಮಜ್ಜಿಗೆ ಕೊಟ್ಟು, ಪ್ರಶ್ನೆಯನ್ನೇ ಕೇಳದೆ ವೀಸಾ ಮಂಜೂರು ಮಾಡಿದಳು. ಯಾಲಾಲಿನಿಂದ ಬಂದ ನನ್ನ ಮಗಳು ಮಹಾನಂದಾ ಸ್ವಲ್ಪ ಕಠಿಣಳು ಎಂದು ಅವಳನ್ನು ಕೂಡಿಸಿದರೆ, ಎರಡನೆಯ ಪ್ರಶ್ನೆಗೇ ಅವಳ ಕಣ್ಣಲ್ಲಿ ನೀರು. ಕಡೆಗೆ ನಾನೇ ಕುಳಿತೆ. ಮುಖದಲ್ಲಿ ಯಾವ ಭಾವವೂ ಇಲ್ಲದೆ ಮೂರು ನಿಮಿಷ ಕೂಡುವುದು ಎಷ್ಟು ದೊಡ್ಡ ತಪಸ್ಸು ಎಂಬುದು ಆಗ ತಿಳಿಯಿತು; ತಮಗೆ ಕೈ ಮುಗಿದೆ.

ಒಂದು ವಾರ ಕಲಿಸಿದ ಮೇಲೆ ಹುಡುಗಿ ತಯಾರಾದಳು. ಪ್ರವೀಣಕುಮಾರ ನಿನಗೆ ಏನಾಗಬೇಕು ಎಂದು ನಾನು ಗಟ್ಟಿಯಾಗಿ ಕೇಳಿದೆ. "ಅವ ನಮಗ ಯಾರೂ ಅಲ್ಲ" ಎಂದು ಅವಳೂ ಗಟ್ಟಿಯಾಗಿ, ಒಂದೇ ಉಸಿರಿಗೆ ಹೇಳಿದಳು. ಶಭಾಷ್ ಎಂದು ತಲೆ ಎತ್ತಿದರೆ ಅವಳ ಹಿಂದೆ ರೇವಪ್ಪನವರು ನಿಂತಿದ್ದರು. ಪರದೇಶದಲ್ಲಿ ಚಳಿ ಬಹಳ ಎಂದು ಅವಳಿಗಾಗಿ ಒಂದು ಉಣ್ಣೆಯ ಶಾಲು ತಂದಿದ್ದರು.

ನಾನು ಓಡಿ ಹೊರಗೆ ಬಂದು, ಇದೆಲ್ಲ ಏಳನೆಯ ಕಿಟಕಿಯವರಿಗಾಗಿ ಎಂದು ಎಷ್ಟು ತಿಳಿಸಿದರೂ ಅವರು ಕೂಡಲಿಲ್ಲ. "ಛಲೋ ಕಲಿಸೀದಿ ನರಸಿಂಹುಲು, ಹಂಗೇ ಅನ್ಲಿ," ಎಂದರು. ಶಾಲನ್ನು ಕಟ್ಟೆಯ ಮೇಲಿಟ್ಟು, ಚಹಾ ಕುಡಿಯದೆ ಹೋದರು. ಅಂದಿನಿಂದ ಧಮ್ಮಶೀಲಾ ಆ ವಾಕ್ಯವನ್ನು ಹೇಳುವುದಿಲ್ಲ. ವೀಸಾ ಸಿಗದಿದ್ದರೂ ಸರಿ, ಎರಡನೆಯ ಸಲ ನನ್ನ ಬಾಯಿಂದ ಅದು ಬರೋದಿಲ್ಲ ಅಜ್ಜಾ ಎನ್ನುತ್ತಾಳೆ. ಇಷ್ಟು ಕಷ್ಟಪಟ್ಟು ಕಲಿಸಿದ ಪಾಠ ಹೀಗೆ ಹಾಳಾಯಿತು.

ಆದ್ದರಿಂದ ತಮ್ಮಲ್ಲಿ ವಿನಂತಿ. ತಮ್ಮ ಫಾರ್ಮಿನಲ್ಲಿ ಸಂಬಂಧಿಕರ ಕಾಲಮ್ಮಿನ ಕೆಳಗೆ, ಬಟ್ಟೆ ಹರಿದು ಕೊಟ್ಟು ಆದವರು ಎಂದು ಇನ್ನೊಂದು ಕಾಲಮ್ಮು ಹಾಕಿಸಬೇಕು. ಅದಕ್ಕೆ ಮೇಲಿನಿಂದ ಅಪ್ಪಣೆ ಬೇಕೆಂದಾದರೆ, ತಾವೇ ನಾರಾಯಣಖೇಡಕ್ಕೆ ಬಸ್ಸು ಹತ್ತಿ ಬಂದು, ರೇವಪ್ಪನವರ ಅಂಗಡಿಯ ಗಾದಿಯ ಮೇಲೆ ಕುಳಿತು, ನಿಮ್ಮ ಮಗ ಇವಳಿಗೆ ಯಾರೂ ಅಲ್ಲ ಎಂದು ಅವರ ಮುಖ ನೋಡಿ ತಾವೇ ಒಮ್ಮೆ ಹೇಳಿ ತೋರಿಸಬೇಕು. ತಮಗೆ ಅದು ಸಾಧ್ಯವಾದರೆ ನಮ್ಮ ಹುಡುಗಿಯೂ ಕಲಿಯುತ್ತಾಳೆ.

ಇನ್ನೊಂದು ಸಂಗತಿ. ಹುಡುಗಿಯ ತಂದೆ ಏನು ಮಾಡುತ್ತಾನೆ, ಹೊಲ ಎಷ್ಟಿದೆ, ಅಣ್ಣತಮ್ಮಂದಿರು ಎಷ್ಟು, ಮುಂದೆ ಮನೆಗೆ ಮರಳುತ್ತಾಳೋ ಇಲ್ಲವೋ, ಇದನ್ನೆಲ್ಲ ತಾವು ಕೇಳಿದಿರಿ. ನಮ್ಮ ಕಡೆ ಇಷ್ಟು ಕೇಳಿದವರನ್ನು ಸಂಬಂಧ ಹಚ್ಚದೆ ಬಿಡುವ ಪದ್ಧತಿ ಇಲ್ಲ. ಕಾಕಾನ ಸ್ಥಾನ ತುಂಬಿದೆ. ಮಾವನದು ಖಾಲಿ ಇತ್ತು, ಅದಕ್ಕೆ ಲಚ್ಚಮ್ಮ ತಮ್ಮನ್ನು ಗೊತ್ತು ಮಾಡಿದ್ದಾಳೆ. ಊರು ಬಿಡುವ ದಿನ ಹುಡುಗಿಯ ಚೀಲ ಹೊತ್ತು ಬಸ್ಸಿನ ತನಕ ಬರುವುದು ಮಾವನ ಕೆಲಸ. ಚೀಲ ಭಾರವಿಲ್ಲ, ಬಟ್ಟೆ, ಪುಸ್ತಕ, ಒಂದು ಶಾಲು ಅಷ್ಟೇ.

ತಮ್ಮ ವಿಶ್ವಾಸಿ, ಈಗ ಬೀಗನೂ ಆದ,
ನರಸಿಂಹುಲು, ಕಂಗ್ಟಿ

ತಾ.ಕ.: ಸುಳ್ಳು ತುಂಬಿದರೆ ಶಿಕ್ಷೆ ಎಂದು ಫಾರ್ಮಿನಲ್ಲೇ ಇರುವುದರಿಂದ, ಈ ಸಲ ಸಂಬಂಧಿಕರು ಇಬ್ಬರು ಎಂದು ತುಂಬಿದ್ದೇವೆ. ಒಬ್ಬ ಪ್ರವೀಣಕುಮಾರ ಕಾಕಾ. ಇನ್ನೊಬ್ಬರು ಏಳನೆಯ ಕಿಟಕಿಯ ಮಾವ. ಹೆಸರಿನ ಜಾಗ ಖಾಲಿ ಬಿಟ್ಟರೆ ಫಾರ್ಮು ಮುಂದಕ್ಕೆ ಹೋಗುವುದಿಲ್ಲವಂತೆ; ಕಾರಣ ಸೋಮವಾರದೊಳಗೆ ತಮ್ಮ ಹೆಸರು ಬರೆದು, ಬೇಗ ಕಾಗದ ಹಾಕಿರಿ.