ಜಾಝ್ ರೆಕಾರ್ಡಿಗೆ ಮಾವನವರ ಒಂದು ಭೇಷ್

ನಾನು ಜಾಝ್ ರೆಕಾರ್ಡ್ ಹಾಕಿದೆ ಅಂದ್ರೆ ಏನಾದರೊಂದು ಎಡವಟ್ಟು ಆಗದೆ ಮುಗಿಯೋದೇ ಇಲ್ಲ. ಮೈಸೂರಿನಿಂದ ಮಾವನವರು ವಿದೇಶದಲ್ಲಿರೋ ನಮ್ಮ ಮನೆಗೆ ಬಂದ ಮೇಲಂತೂ ಕೇಳಲೇಬೇಡಿ. ನಲವತ್ತು ವರ್ಷ ಸಂಗೀತ ಸಭೆಯ ಮುಂದಿನ ಸಾಲಿನಲ್ಲಿ ಕೂತವರು, ಬಾಯಿಂದ ‘ಭೇಷ್’ ಬರೋದು ಬಹಳ ಅಪರೂಪ. ನನ್ನ ಹಳೇ ರೆಕಾರ್ಡಿಗೆ ಆ ಒಂದು ಭೇಷ್ ಗಿಟ್ಟಿಸಲೇಬೇಕು ಅಂತ ನನಗೆ ಹಟ.

೧. ಅಲೆನ್‌ನಲ್ಲಿ ಶ್ರುತಿ

ಭಾನುವಾರ ಅಲೆನ್ ಊರಿನ ನಮ್ಮ ಮನೇಲಿ ತಿಂಡಿ ಆದಮೇಲೆ ರೆಕಾರ್ಡ್ ಹಾಕಿದೆ. ಇದು ಮೋಡಲ್ ಜಾಝ್. ಗಳಿಗೆಗೊಂದು ಸ್ವರಗುಚ್ಛ ಬದಲಿಸೋ ಗಡಿಬಿಡಿ ಇಲ್ಲ, ಒಂದೇ ಸ್ವರಶ್ರೇಣಿ ಹಿಡಿದು ಆರಾಮಾಗಿ ಸುತ್ತಾಡ್ತಾರೆ. ಟ್ರಂಪೆಟ್‌ನವನು ನಾಲ್ಕು ಸ್ವರ ಊದಿ ಸುಮ್ಮನಾಗ್ತಾನೆ. ಆ ಸುಮ್ಮನಾಗೋದಿದೆಯಲ್ಲ, ಅಬ್ಬಾ! ಎಷ್ಟು ಸಲ ಕೇಳಿದ್ದೀನೋ, ಇವತ್ತಿಗೂ ಮೈ ಜುಮ್ಮೆನ್ನುತ್ತೆ.

ಮಾವ ಕಣ್ಣು ಮುಚ್ಚಿ ಕೇಳಿದರು. ಒಂದು ಬದಿ ಪೂರ್ತಿ ಮುಗೀತು.

“ಹೇಗಿತ್ತು ಮಾವ?” ಅಂದೆ.

“ಶ್ರುತಿ ಚೆನ್ನಾಗಿ ಸೇರಿಸಿಕೊಂಡರು. ಕಛೇರಿ ಯಾವಾಗ ಶುರು?”

೨. ಕೇಟಿಯಲ್ಲಿ ಕಾಫಿ

ಮುಂದಿನ ವಾರ ಕೇಟಿ ಅನ್ನೋ ಊರಲ್ಲಿರೋ ನಾದಿನಿ ಮನೇಲಿ ಊಟ. ಎಂಟು ಜನ ನೆಂಟರು, ಎಲ್ಲ ನಮ್ಮ ಕಡೆಯವರೇ. ರೆಕಾರ್ಡನ್ನ ಮಗು ಥರ ತೊಡೆ ಮೇಲಿಟ್ಟುಕೊಂಡು ಹೋಗಿದ್ದೆ.

ಈ ಸಲ ಮಾವ ತೊಡೆ ತಟ್ಟುತ್ತಾ, “ಆಲಾಪನೆ ಇದ್ದ ಹಾಗಿದೆ ರೀ. ಯಾರಿಗೂ ಆತುರವೇ ಇಲ್ಲ” ಅಂದರು. ಭೇಷ್ ನಾಲಿಗೆ ತುದಿಗೆ ಬಂದೇಬಿಡ್ತು ಅಂತ ನಾನು ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಡ್ರಮ್ಸ್‌ನವನು ಒಬ್ಬನೇ ಬಾರಿಸೋಕೆ ಶುರುಮಾಡಿದ.

“ತನಿ ಬಂತು” ಅಂತ ಮಾವ ಎದ್ದೇಬಿಟ್ಟರು. ಊರಿನ ಸಭೆಗಳಲ್ಲಿ ಮೃದಂಗದ ತನಿ ಶುರುವಾದರೆ ಜನ ಕ್ಯಾಂಟೀನಿಗೆ ಹೋಗ್ತಾರಲ್ಲ, ಆ ಅಭ್ಯಾಸ. ಅವರ ಹಿಂದೆ ಎಂಟು ಜನವೂ ಎದ್ದು ಅಡುಗೆಮನೆಗೆ ನಡೆದರು. ಹಾಲ್‌ನಲ್ಲಿ ಉಳಿದದ್ದು ನಾನು, ಡ್ರಮ್ಸು.

ಒಳಗಿಂದ ನಾದಿನಿ ಕೂಗಿದಳು: “ಭಾವ, ಅವನು ಮುಗಿಸಿದ ಮೇಲೆ ಹೇಳಿ, ಬರ್ತೀವಿ!”

೩. ಆಸ್ಟಿನ್‌ನಲ್ಲಿ ಭೇಷ್

ಮಾವ ಊರಿಗೆ ಹೊರಡೋಕೆ ಎರಡೇ ದಿನ. ಆಸ್ಟಿನ್ ನೋಡೋಕೆ ಹೋದಾಗ ಹಳೇ ರೆಕಾರ್ಡ್ ಅಂಗಡಿಗೆ ನುಗ್ಗಿದೆವು. ಪುಣ್ಯಕ್ಕೆ ಅಲ್ಲಿ ಅದೇ ರೆಕಾರ್ಡ್ ಓಡ್ತಿತ್ತು! ಮಾವ ಸ್ಟೂಲ್ ಎಳೆದು ಸ್ಪೀಕರ್ ಮುಂದೆ ಕೂತರು. ಒಂದು ಬದಿ ಆಯ್ತು. ತಿರುಗಿಸಿ ಹಾಕಿ ಅಂತ ಅಂಗಡಿಯವನಿಗೆ ಅವರೇ ಕೈಸನ್ನೆ ಮಾಡಿದರು. ನನಗೆ ಕಣ್ಣಲ್ಲಿ ನೀರೇ ಬಂತು.

ಡ್ರಮ್ಸ್ ಶುರುವಾಯ್ತು. ಮಾವ ಏಳಲಿಲ್ಲ!

“ಮಾವ, ತನಿ... ಕಾಫಿಗೆ?” ಅಂದೆ, ನಂಬಲಾರದೆ.

ಅವರು ಕಣ್ಣೂ ಬಿಡಲಿಲ್ಲ. “ನೀವು ಕುಡಿದು ಬನ್ನಿ ಅಳಿಯಂದಿರೇ. ಬರ್ತಾ ನನಗೂ ಒಂದು ತನ್ನಿ.”

ಓಡಿಹೋಗಿ ಪಕ್ಕದಂಗಡಿಯಿಂದ ಎರಡು ಕಾಫಿ ತಂದೆ. ಬಾಗಿಲಲ್ಲೇ ಅಂಗಡಿಯವನು ತಡೆದ: “ನಿಮ್ಮ ಮಾವ ಈಗ ತಾನೇ ತೊಡೆ ತಟ್ಟಿ ‘ಭೇಷ್’ ಅಂತ ಕೂಗಿದರು. ಹಾಗಂದ್ರೆ ಏನು?”

ನನ್ನ ಕೈಲಿದ್ದ ಕಾಫಿ ಅರ್ಧ ಚೆಲ್ಲಿಹೋಯ್ತು. “ಮಾವ, ಭೇಷ್ ಅಂದ್ರಂತೆ? ಯಾವ ಜಾಗಕ್ಕೆ? ಇನ್ನೊಂದು ಸಲ ಹೇಳಿ!”

ಮಾವ ಉಳಿದರ್ಧ ಕಾಫಿ ಈಸಿಕೊಂಡು ಒಂದು ಗುಟುಕು ಕುಡಿದರು.

“ತನಿ ಹೊತ್ತಲ್ಲಿ ಎದ್ದು ಕಾಫಿಗೆ ಹೋಗೋರಿಗೆಲ್ಲ ಅದು ಎಲ್ಲಿ ಅರ್ಥ ಆಗಬೇಕು, ಬಿಡಿ!”