ಅತ್ತ ಅತ್ತೆ, ಇತ್ತ ಅಳಿಯ

ಲಿಫ್ಟ್ ರಿಪೇರಿ ಮಾಡುವ ಅಳಿಯ ಆ ಭಾನುವಾರ ಅಂಬಿಗನಾಗಲು ನಿರ್ಧರಿಸಿದ. ನಗರದ ಪಕ್ಕದ ನದಿಯಲ್ಲೊಂದು ನಡುಗಡ್ಡೆ. ಅಲ್ಲಿ ರಸ್ತೆಯಿಲ್ಲ, ಗಾಡಿಯಿಲ್ಲ. ಮರ, ಮೇಕೆ, ಕೆಸರು, ಅಷ್ಟೆ. ಹೆಂಡತಿಗೂ ಅತ್ತೆಗೂ ಪ್ರಕೃತಿ ತೋರಿಸುವ ಹೊಣೆ ಅವನದು.

"ದೋಣಿಯವನು ಯಾಕೆ? ನಾನೇ ಹುಟ್ಟು ಹಾಕ್ತೀನಿ. ಹತ್ತು ಅಂತಸ್ತಿನ ಹಗ್ಗ ಹಿಡಿದು ನೇತಾಡೋನಿಗೆ ಇದು ನೀರು ಕುಡಿದಷ್ಟು ಸುಲಭ."

"ನೀವು ಕುಡೀರಿ. ನಮಗೆ ಕುಡಿಸಬೇಡಿ," ಎಂದಳು ಹೆಂಡತಿ.

ಹೋಗುವಾಗ ಎಲ್ಲ ಸುಸೂತ್ರ. ನಡುಗಡ್ಡೆಯಲ್ಲಿ ಅತ್ತೆ ಹೂವಿನತ್ತ ಹೋದರೆ "ಅಮ್ಮ, ಜಾರುತ್ತೆ" ಎಂದು ಮಗಳು, ಮರದತ್ತ ಹೋದರೆ "ಅತ್ತೆ, ಮೇಕೆ ಹಾಯುತ್ತೆ" ಎಂದು ಅಳಿಯ. ಕೊನೆಗೆ ಅತ್ತೆ ಪ್ರಕೃತಿಗೆ ಬೆನ್ನು ಹಾಕಿ ಕುಳಿತುಬಿಟ್ಟರು.

ಮರಳುವ ಹೊತ್ತಿಗೆ ಅಳಿಯ ಅತ್ತೆಯನ್ನೂ ಬುತ್ತಿಯ ಚೀಲವನ್ನೂ ದೋಣಿಯಲ್ಲಿ ಕೂರಿಸಿ ಹಗ್ಗ ಬಿಚ್ಚಿದ. ಅಷ್ಟರಲ್ಲಿ ಹೆಂಡತಿಯ ಚಪ್ಪಲಿ ಕೆಸರಲ್ಲಿ ಹೂತುಹೋಯಿತು. ಕಳ್ಳರ ಭಯಕ್ಕೆ ಹುಟ್ಟುಗಳನ್ನು ಹೆಗಲಿಗೇರಿಸಿಕೊಂಡೇ ಹೋಗಿ ಚಪ್ಪಲಿ ಕಿತ್ತುಕೊಟ್ಟ.

"ಅಮ್ಮ ಎಲ್ಲಿ?" ಎಂದಳು ಅವಳು.

"ದೋಣೀಲಿ."

"ದೋಣಿ ಎಲ್ಲಿ?"

ದೋಣಿ ನದಿಯ ಮಧ್ಯಕ್ಕೆ ಸರಿದಿತ್ತು. "ಅಳಿಯಂದಿರೇ, ನೀವು ಬರಲ್ವಾ?" ಎಂಬ ದನಿ ತೇಲಿ ಬಂತು.

ಅಳಿಯ ನೀರಿಗಿಳಿದ. ಎರಡನೇ ಹೆಜ್ಜೆಗೆ ಮುಗ್ಗರಿಸಿದ. ನೀರು ಕುಡಿಯುವುದು ನಿಜಕ್ಕೂ ಬಹಳ ಸುಲಭವಾಗಿತ್ತು.

"ಈಜು ಬರಲ್ವಾ ನಿಮಗೆ?"

"ಲಿಫ್ಟಲ್ಲಿ ಅದು ಬೇಕಾಗಲ್ಲ," ಎಂದ ಅವನು, ಕೆಮ್ಮುತ್ತ. ಹೆಂಡತಿ ಅಳತೊಡಗಿದಳು. ಅತ್ತೆ ಈಗ ಒಂದು ಚುಕ್ಕೆಯಷ್ಟೇ ಕಾಣುತ್ತಿದ್ದರು. ಆಗ ಸೌದೆ ಸಾಗಿಸುವ ದೊಡ್ಡ ದೋಣಿಯೊಂದು ಆ ಚುಕ್ಕೆಯ ಬಳಿ ನಿಂತಿತು. ಅತ್ತೆಯ ದೋಣಿಯನ್ನು ಹಿಂದೆ ಕಟ್ಟಿಕೊಂಡು ನೆಟ್ಟಗೆ ನಗರದತ್ತ ಹೊರಟಿತು. ಇವರ ಕಡೆ ಯಾರೂ ತಿರುಗಿ ನೋಡಲಿಲ್ಲ.

ಸೌದೆ ಇಳಿಸಿದ ಮೇಲೆ ಅದೇ ದೋಣಿ ಬಂದು ಇಬ್ಬರನ್ನೂ ಹತ್ತಿಸಿಕೊಂಡಿತು. ದಡದ ಬೆಂಚಿನ ಮೇಲೆ ಅತ್ತೆ ಕಾಲಾಡಿಸುತ್ತ ಕುಳಿತಿದ್ದರು. ಪಕ್ಕದಲ್ಲಿ ಬುತ್ತಿ ಪೂರ್ತಿ ಖಾಲಿ.

"ತುಂಬಾ ಹೆದರಿದ್ಯಾ ಅಮ್ಮ?"

"ಹೆದರಿಕೆ ಎಂಥದ್ದೇ? ಎರಡೂ ದಡ ಕಣ್ತುಂಬ ನೋಡಿದೆ. ಅಷ್ಟು ಹೊತ್ತು ಒಬ್ಬರೂ ಏಳು, ಕೂರು ಅನ್ನಲಿಲ್ಲ."

ತೊಯ್ದು ತೊಪ್ಪೆಯಾಗಿ, ಹೆಗಲ ಮೇಲೆ ಹುಟ್ಟು ಹೊತ್ತು ನಿಂತಿದ್ದ ಅಳಿಯನನ್ನು ಅವರು ಪ್ರೀತಿಯಿಂದ ನೋಡಿದರು.

"ಮುಂದಿನ ಭಾನುವಾರ ಬಿಡುವಿದ್ಯಾ ಅಳಿಯಂದಿರೇ?"

"ಇದೆ ಅತ್ತೆ. ಯಾಕೆ?"

"ಬಂದು ಹಗ್ಗ ಬಿಚ್ಚಿಕೊಡಿ. ಆಮೇಲೆ ನೀವು ಮನೆಗೆ ಹೋಗಬಹುದು."